ಆಡಿಯೊ ಸಿಡಿ ಮಾಡಲು ಯಾವ ಸಾಫ್ಟ್‌ವೇರ್? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಭಜನಾ ಮಂಡಳಿಯವರು, ಬಯಲಾಟದ ಮೇಳದವರು, ಮೈಕ್ ಸೆಟ್ ಇಟ್ಟುಕೊಂಡವರು, ಶಾಲೆಯ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಸ್ಟುಡಿಯೊದವರಿಗಾಗಿ ಬರೆದದ್ದಲ್ಲ. ಒಂದು ಲ್ಯಾಪ್‌ಟಾಪ್, ಒಂದು ಡಿವಿಡಿ ರೈಟರ್, ಒಂದಷ್ಟು ರೆಕಾರ್ಡಿಂಗ್ ಇರುವವರಿಗೆ ಸಾಕು.

ಸಿಡಿ ಕಾಲ ಮುಗೀತಲ್ಲ, ಈಗ ಯಾಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ಆದರೆ ಗುಡಿಯ ಆಂಪ್ಲಿಫೈಯರ್ ಪಕ್ಕದಲ್ಲಿ ಇನ್ನೂ ಸಿಡಿ ಪ್ಲೇಯರ್ ಇದೆ. ಹಳೆಯ ಕಾರುಗಳಲ್ಲಿ ಇದೆ. ಹಾಡಿದ ಹಿರಿಯರಿಗೆ ಯೂಟ್ಯೂಬ್ ಲಿಂಕ್ ಕಳಿಸುವುದಕ್ಕಿಂತ ಕೈಗೆ ಒಂದು ಸಿಡಿ ಕೊಟ್ಟರೆ ಆಗುವ ಖುಷಿಯೇ ಬೇರೆ. ಆದರೂ ಶುರು ಮಾಡುವ ಮುಂಚೆ ಕೇಳಿಕೊಳ್ಳಿ: ಯಾರಿಗೆ ಕೊಡುತ್ತೀರೋ ಅವರ ಮನೆಯಲ್ಲಿ ಪ್ಲೇಯರ್ ಇದೆಯಾ? ಇಲ್ಲದಿದ್ದರೆ ಪೆನ್‌ಡ್ರೈವ್ ಕೊಟ್ಟು ಮುಗಿಸಿ, ಈ ಪುಟ ಓದುವ ಕೆಲಸವೂ ತಪ್ಪುತ್ತದೆ.

ಆಡಿಯೊ ಸಿಡಿ, ಎಂಪಿ3 ಸಿಡಿ ಎರಡೂ ಒಂದೇ ಅಲ್ವಾ?

ಅಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಎಂಪಿ3 ಸಿಡಿ ಎಂದರೆ ಫೈಲ್‌ಗಳನ್ನು ಹಾಗೇ ಕಾಪಿ ಮಾಡಿದ ಡೇಟಾ ಡಿಸ್ಕ್. 128 ಕೆಬಿಪಿಎಸ್ ಫೈಲ್‌ಗಳಾದರೆ ಒಂದರಲ್ಲಿ ಸುಮಾರು 12 ಗಂಟೆ ಹಿಡಿಯುತ್ತದೆ. ಆದರೆ ಎಂಪಿ3 ಗೊತ್ತಿರುವ ಪ್ಲೇಯರ್ ಮಾತ್ರ ಅದನ್ನು ಓದುತ್ತದೆ.

ಆಡಿಯೊ ಸಿಡಿ ಬೇರೆ ಜಾತಿ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ‘ರೆಡ್ ಬುಕ್’ ಎಂಬ ನಿಯಮ ಮಾಡಿದವು. ಆಡಿಯೊ ಸಿಡಿ ಇವತ್ತಿಗೂ ಅದೇ ಲೆಕ್ಕದಲ್ಲಿ ನಡೆಯುತ್ತದೆ: ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಅಳತೆ), ಒಂದೊಂದೂ 16 ಬಿಟ್, ಸ್ಟೀರಿಯೊ. ಇದರಲ್ಲಿ ಫೈಲ್ ಇಲ್ಲ, ಫೋಲ್ಡರ್ ಇಲ್ಲ. ಇರುವುದು ಉದ್ದಕ್ಕೆ ಹರಿಯುವ ದನಿ, ಮತ್ತು ಯಾವ ಹಾಡು ಎಲ್ಲಿ ಶುರು ಎಂದು ಹೇಳುವ ಪಟ್ಟಿ. ಸಾಫ್ಟ್‌ವೇರ್‌ನಲ್ಲಿ ‘ಡೇಟಾ ಡಿಸ್ಕ್’ ಒತ್ತಿದರೆ ಮೊದಲನೆಯದು ಬರುತ್ತದೆ, ‘ಆಡಿಯೊ ಡಿಸ್ಕ್’ ಒತ್ತಿದರೆ ಎರಡನೆಯದು. ‘ಸಿಡಿ ಕಂಪ್ಯೂಟರ್‌ನಲ್ಲಿ ಓಡುತ್ತೆ, ಗುಡಿಯ ಪ್ಲೇಯರ್‌ನಲ್ಲಿ ಓಡಲ್ಲ’ ಎನ್ನುವವರು ಮೊದಲು ಇದನ್ನು ನೋಡಿ.

ಸಾಫ್ಟ್‌ವೇರ್ ಆರಿಸುವಾಗ ಮೊದಲು ಏನು ನೋಡಬೇಕು?

ಹಾಡು ಹಾಡಿನ ನಡುವಿನ ಗ್ಯಾಪ್ ನಿಮ್ಮ ಕೈಯಲ್ಲಿದೆಯಾ ಎಂದು ನೋಡಿ. ಚಂದದ ಬಟನ್, ಬಣ್ಣ, ಲೇಬಲ್ ಡಿಸೈನ್ ಎಲ್ಲ ಆಮೇಲೆ.

ಸಿನಿಮಾ ಹಾಡುಗಳನ್ನು ಒಂದರ ಹಿಂದೆ ಒಂದು ಜೋಡಿಸುವುದಾದರೆ ಎರಡು ಸೆಕೆಂಡಿನ ಮೌನ ಯಾರಿಗೂ ಅಡ್ಡಿಯಾಗುವುದಿಲ್ಲ. ನಮ್ಮ ಕಡೆಯ ರೆಕಾರ್ಡಿಂಗ್‌ಗಳು ಹಾಗಿಲ್ಲ. ಮುದಗಲ್ಲಿನ ಮೊಹರಂನಲ್ಲಿ ರಿವಾಯತ್ ಪದ ಹಾಡುವಾಗ ಒಂದು ಪದ ಮುಗಿಯುವ ಮುಂಚೆಯೇ ಹಿಮ್ಮೇಳ ಮುಂದಿನದಕ್ಕೆ ಎತ್ತಿಕೊಳ್ಳುತ್ತದೆ. ಭಜನೆಯಲ್ಲಿ ತಾಳ ನಿಲ್ಲುವುದೇ ಇಲ್ಲ. ಬಯಲಾಟದಲ್ಲಿ ಪದ, ಮಾತು, ಮದ್ದಳೆ, ಜನರ ಕೇಕೆ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಅಲ್ಲಿ ಎರಡು ಸೆಕೆಂಡ್ ದನಿ ಸತ್ತು ಮತ್ತೆ ಎದ್ದರೆ ಕೇಳುವವರಿಗೆ ಕಿರಿಕಿರಿ, ಹಾಡಿದವರಿಗೆ ಅವಮಾನ.

ಬರ್ನ್ ಮಾಡುವುದಕ್ಕೆ, ಅಂದರೆ ಲೇಸರ್‌ನಿಂದ ಡಿಸ್ಕ್‌ಗೆ ಬರೆಯುವುದಕ್ಕೆ, ಎರಡು ದಾರಿ ಇವೆ. ‘ಟ್ರ್ಯಾಕ್ ಅಟ್ ಒನ್ಸ್’ ಆದರೆ ಪ್ರತಿ ಹಾಡು ಬರೆದ ಮೇಲೆ ಲೇಸರ್ ನಿಂತು ಮತ್ತೆ ಶುರುವಾಗುತ್ತದೆ, ನಡುವೆ ಗ್ಯಾಪ್ ಬೀಳುತ್ತದೆ. ‘ಡಿಸ್ಕ್ ಅಟ್ ಒನ್ಸ್’ ಆದರೆ ಮೊದಲಿಂದ ಕೊನೆಯವರೆಗೆ ಒಂದೇ ಏಟಿಗೆ ಬರೆಯುತ್ತದೆ, ಗ್ಯಾಪ್ ಎಷ್ಟು ಬೇಕೆಂದು ನೀವು ಹೇಳಬಹುದು, ಸೊನ್ನೆಯೂ ಆಗಬಹುದು. ಮೊದಲ ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡ್ ಮೌನ ಮಾತ್ರ ನಿಯಮದ ಪ್ರಕಾರ ಇರಲೇಬೇಕು. ಅದು ಯಾರ ಕಿವಿಗೂ ಬೀಳುವುದಿಲ್ಲ. ಡಿಸ್ಕ್ ಅಟ್ ಒನ್ಸ್ ಇಲ್ಲದ ಸಾಫ್ಟ್‌ವೇರ್ ಎಷ್ಟೇ ಹೆಸರುವಾಸಿಯಾಗಿದ್ದರೂ ನಿಮಗೆ ಬೇಡ.

ವಿಂಡೋಸ್ ಜೊತೆ ಬರುವ ಪ್ಲೇಯರ್ ಸಾಲದಾ?

ಬಿಡಿ ಹಾಡುಗಳಿಗೆ ಧಾರಾಳ ಸಾಕು. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್‌ಗೆ ಆಡಿಯೊ ಸಿಡಿ ಬರ್ನ್ ಮಾಡಲು ಬರುತ್ತದೆ. ಅದರ ಬರ್ನ್ ಆಯ್ಕೆಗಳಲ್ಲಿ ಗ್ಯಾಪ್ ಇಲ್ಲದೆ ಬರೆಯಿರಿ ಎಂಬ ಟಿಕ್ ಕೂಡ ಇದೆ. ಅಲ್ಲೇ ಹಾಡುಗಳ ದನಿ ಸಮ ಮಾಡುವ ಇನ್ನೊಂದು ಟಿಕ್ ಇದೆ. ಒಂದೇ ಉದ್ದದ ರೆಕಾರ್ಡಿಂಗ್ ತುಂಡು ಮಾಡಿದ್ದರೆ ಅದನ್ನು ತೆಗೆದುಬಿಡಿ. ಇಲ್ಲದಿದ್ದರೆ ಪ್ರತಿ ತುಂಡಿಗೂ ದನಿ ಏರಿಳಿದು, ಕತ್ತರಿಸಿದ ಜಾಗ ಎದ್ದು ಕಾಣುತ್ತದೆ.

ವಿಂಡೋಸ್‌ಗೆ ಪುಕ್ಕಟೆ ಸಿಗುವುದರಲ್ಲಿ ಯಾವುದು ಒಳ್ಳೆಯದು?

ಸುಲಭ ಬೇಕಾದರೆ ಸಿಡಿಬರ್ನರ್‌ಎಕ್ಸ್‌ಪಿ. ಹೆಸರಲ್ಲಿ ಎಕ್ಸ್‌ಪಿ ಇದ್ದರೂ ಆಮೇಲಿನ ವಿಂಡೋಸ್‌ಗಳಲ್ಲೂ ನಡೆಯುತ್ತದೆ. ಹಾಡುಗಳನ್ನು ಎಳೆದು ಹಾಕಿ, ಮೇಲೆ ಕೆಳಗೆ ಜೋಡಿಸಿ, ಗ್ಯಾಪ್ ಬೇಡ ಎಂದು ಹೇಳಿ, ಬರ್ನ್ ಒತ್ತಿ. ಮನೆಯ ಹುಡುಗರಿಗೆ ಕಲಿಸಲು ಇದೇ ಸರಿ.

ಹಿಡಿತ ಜಾಸ್ತಿ ಬೇಕಾದರೆ ಇಮ್ಗ್‌ಬರ್ನ್. ಅದರ ಕೊನೆಯ ಆವೃತ್ತಿ 2.5.8.0 ಬಂದದ್ದು 2013ರಲ್ಲಿ. ಅಷ್ಟು ಹಳೆಯದಾ ಎಂದು ಹಿಂಜರಿಯಬೇಡಿ. ಆಡಿಯೊ ಸಿಡಿಯ ನಿಯಮ ಅದಕ್ಕಿಂತ ಎಷ್ಟೋ ಹಳೆಯದು, ಬದಲಾಗಿಲ್ಲ. ಹುಷಾರಾಗಿರಬೇಕಾದ್ದು ಡೌನ್‌ಲೋಡ್ ಮಾಡುವಾಗ. ಕೆಲವು ಕಡೆ ಸಿಗುವ ಇನ್‌ಸ್ಟಾಲರ್ ಜೊತೆ ಬೇಡದ ಪ್ರೋಗ್ರಾಂಗಳು ಅಂಟಿಕೊಂಡು ಬರುತ್ತವೆ. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾ ಹೋಗಬೇಡಿ, ಪ್ರತಿ ಪುಟ ಓದಿ.

ಇಮ್ಗ್‌ಬರ್ನ್‌ನಲ್ಲಿ ಆಡಿಯೊ ಸಿಡಿ ಎಂಬ ದೊಡ್ಡ ಬಟನ್ ಕಾಣುವುದಿಲ್ಲ. ಹೊಸಬರು ಅಲ್ಲೇ ಸೋಲುತ್ತಾರೆ. ಮೊದಲು ಟೂಲ್ಸ್ ಮೆನುವಿನಲ್ಲಿ ಕ್ಯೂ ಫೈಲ್ ಮಾಡಿಕೊಳ್ಳಬೇಕು, ಆಮೇಲೆ ಅದನ್ನು ಇಮೇಜ್ ಫೈಲ್ ಎಂದು ತೋರಿಸಿ ಡಿಸ್ಕ್‌ಗೆ ಬರೆಯಬೇಕು.

ಈ ಕ್ಯೂ ಫೈಲ್ ಅಂದರೆ ಏನು? ಕಲಿಯಲೇಬೇಕಾ?

ಉದ್ದದ ರೆಕಾರ್ಡಿಂಗ್ ಇದ್ದರೆ ಕಲಿಯಿರಿ. ಅರ್ಧ ಗಂಟೆ ಸಾಕು, ಆಮೇಲೆ ಯಾವ ಸಾಫ್ಟ್‌ವೇರ್ ಬಂದರೂ ಹೋದರೂ ನಿಮಗೆ ಚಿಂತೆ ಇರುವುದಿಲ್ಲ. ಸಿಡಿಯ ಜೋಡಣೆ ಒಂದು ಕೆಲಸ, ಲೇಸರ್‌ನಿಂದ ಬರೆಯುವುದು ಇನ್ನೊಂದು ಕೆಲಸ. ಜೋಡಣೆಯನ್ನು ಕ್ಯೂ ಫೈಲ್‌ನಲ್ಲಿ ಬರೆದಿಟ್ಟರೆ ಬರೆಯುವ ಕೆಲಸವನ್ನು ಯಾವುದರಿಂದಲಾದರೂ ಮಾಡಿಸಬಹುದು.

ಅದು ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಸಾದಾ ಬರಹ. ಮೊದಲು ದನಿಯ ಫೈಲಿನ ಹೆಸರು. ಆಮೇಲೆ ಪ್ರತಿ ಹಾಡಿಗೂ ಟ್ರ್ಯಾಕ್ ನಂಬರ್, ಹೆಸರು, ಹಾಡಿದವರು, ಶುರುವಾಗುವ ಸಮಯ. ಶುರುವಿನ ಜಾಗಕ್ಕೆ ಇಂಡೆಕ್ಸ್ 01 ಎನ್ನುತ್ತಾರೆ. ಒಂದು ಗಂಟೆಯ ಭಜನೆಯನ್ನು ಒಂದೇ ವೇವ್ ಫೈಲ್ (ಎಂಪಿ3ಯಂತೆ ಹಿಂಡದ ದನಿಯ ಫೈಲ್) ಆಗಿ ಇಟ್ಟು, ಕತ್ತರಿಸದೆಯೇ ಹತ್ತು ಕಡೆ ಗುರುತು ಹಾಕಬಹುದು. ಕತ್ತರಿಸಿಯೇ ಇಲ್ಲವಾದ್ದರಿಂದ ನಡುವೆ ಟಕ್ ಎಂಬ ಸದ್ದು ಬರಲು ಜಾಗವೇ ಇಲ್ಲ. ಕೇಳುವವರಿಗೆ ದನಿ ಹರಿಯುತ್ತಲೇ ಇರುತ್ತದೆ, ಬೇಕಾದ ಪದಕ್ಕೆ ಹಾರಲೂ ಆಗುತ್ತದೆ.

ಎಡವುವುದು ಒಂದೇ ಕಡೆ. ಕ್ಯೂ ಫೈಲ್‌ನಲ್ಲಿ ಸಮಯ ಬರೆಯುವುದು ನಿಮಿಷ, ಸೆಕೆಂಡ್, ಫ್ರೇಮ್ ಎಂದು. ಸೆಕೆಂಡಿಗೆ 75 ಫ್ರೇಮ್. ಆದ್ದರಿಂದ ಕೊನೆಯ ಅಂಕಿ 0ಯಿಂದ 74ರವರೆಗೆ ಮಾತ್ರ. ನಾಲ್ಕೂವರೆ ನಿಮಿಷದ ಮೇಲೆ ಅರ್ಧ ಸೆಕೆಂಡ್ ಆದರೆ 04:30:37 ಎಂದು ಬರೆಯಿರಿ, 04:30:50 ಅಲ್ಲ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ ಇಟ್ಟು, ಕ್ಯೂ ಫೈಲ್ ಮತ್ತು ವೇವ್ ಫೈಲ್ ಒಂದೇ ಫೋಲ್ಡರ್‌ನಲ್ಲಿ ಇಟ್ಟರೆ ತಲೆನೋವು ಕಡಿಮೆ.

ನಾನು ಹಾಡುಗಳನ್ನು ಈಗಾಗಲೇ ತುಂಡು ಮಾಡಿದ್ದೇನೆ. ಗ್ಯಾಪ್ ಸೊನ್ನೆ ಇಟ್ಟರೂ ನಡುವೆ ಸಣ್ಣ ಟಕ್ ಕೇಳುತ್ತದೆ. ಯಾಕೆ?

ಎರಡು ಕಾರಣ ಇರಬಹುದು. ತುಂಡುಗಳು ಎಂಪಿ3 ಆಗಿದ್ದರೆ ಅದೇ ತಪ್ಪು. ಎಂಪಿ3 ಮಾಡುವಾಗ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ. ವೇವ್ ಆಗಿದ್ದರೆ ಫ್ರೇಮಿನ ಲೆಕ್ಕ ತಪ್ಪಿದೆ. ಸಿಡಿಯ ಒಂದು ಫ್ರೇಮ್‌ನಲ್ಲಿ 588 ಸ್ಯಾಂಪಲ್ ಇರುತ್ತವೆ. ತುಂಡಿನ ಉದ್ದ 588ರ ಗುಣಕ ಆಗದಿದ್ದರೆ ಉಳಿದ ಜಾಗವನ್ನು ಸಾಫ್ಟ್‌ವೇರ್ ಮೌನದಿಂದ ತುಂಬುತ್ತದೆ. ದನಿ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಸಮಯದ ಲೆಕ್ಕವನ್ನು ಸಿಡಿ ಫ್ರೇಮ್‌ಗೆ ಬದಲಿಸಿ, ಆ ಗೆರೆಯ ಮೇಲೆಯೇ ಕತ್ತರಿಸಿ. ಅಥವಾ ಮೇಲೆ ಹೇಳಿದ ಕ್ಯೂ ಫೈಲ್ ದಾರಿ ಹಿಡಿಯಿರಿ.

ಆಡಾಸಿಟಿಯಲ್ಲೇ ಬರ್ನ್ ಮಾಡಬಹುದಾ?

ಇಲ್ಲ. ಅದು ಎಡಿಟ್ ಮಾಡಲು. ಅಲ್ಲಿ ಲೇಬಲ್ ಹಾಕಿ ಎಲ್ಲ ಹಾಡುಗಳನ್ನು ಒಂದೇ ಸಲ ಬೇರೆ ಬೇರೆ ವೇವ್ ಆಗಿ ಹೊರತೆಗೆಯಬಹುದು. 44,100, ಸ್ಟೀರಿಯೊ, 16 ಬಿಟ್ ಎಂದು ಆರಿಸಿ. ಬರ್ನ್ ಮಾಡಲು ಇನ್ನೊಂದು ಸಾಫ್ಟ್‌ವೇರ್ ಬೇಕೇ ಬೇಕು.

ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದು ಸಿಡಿಗೆ ಹಾಕಬಹುದಾ?

ಹಾಕಬಹುದು. ಫೋನ್ ಮತ್ತು ವಿಡಿಯೊ ಕ್ಯಾಮೆರಾಗಳ ದನಿ ಸಾಮಾನ್ಯವಾಗಿ 48,000 ಲೆಕ್ಕದಲ್ಲಿ ಇರುತ್ತದೆ. ಆಡಾಸಿಟಿಯಲ್ಲಿ 44,100ಕ್ಕೆ ಬದಲಿಸಿಕೊಳ್ಳಿ. ಬರ್ನಿಂಗ್ ಸಾಫ್ಟ್‌ವೇರ್ ತಾನೇ ಬದಲಿಸುತ್ತದೆ, ನಿಜ. ಆದರೆ ನೀವೇ ಮಾಡಿದರೆ ಬರ್ನ್ ಮಾಡುವ ಮುಂಚೆ ಕೇಳಿ ನೋಡಬಹುದು.

ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಬಂದದ್ದು ಮಾತ್ರ ಬೇಡ. ಮಾತಿಗೆ ಸಾಕಾಗುವಷ್ಟು ಹಿಂಡಿ ಕಳಿಸಿರುತ್ತಾರೆ, ಹಾರ್ಮೋನಿಯಂ, ತಾಳದ ದನಿ ಅದರಲ್ಲಿ ಉಳಿದಿರುವುದಿಲ್ಲ. ಸಿಡಿಗೆ ಹಾಕಿದ ಮಾತ್ರಕ್ಕೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ. ರೆಕಾರ್ಡ್ ಮಾಡಿದವರಿಂದ ಮೂಲ ಫೈಲನ್ನೇ ಕೇಬಲ್ ಹಾಕಿ ತೆಗೆದುಕೊಳ್ಳಿ.

ಲಿನಕ್ಸ್ ಬಳಸುತ್ತೇನೆ. ಮ್ಯಾಕ್ ಇದೆ. ನಮಗೆ?

ಲಿನಕ್ಸ್‌ನವರು ಅದೃಷ್ಟವಂತರು. ಕೆ3ಬಿ ಎಂಬುದು ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಪ್ರತಿ ಹಾಡಿಗೂ ಬೇರೆ ಗ್ಯಾಪ್ ಇಡಬಹುದು, ಉದ್ದದ ಹಾಡನ್ನು ಅಲ್ಲೇ ಒಡೆಯಬಹುದು, ಹೆಸರು ಬರೆಯಬಹುದು, ಡಿಸ್ಕ್ ಅಟ್ ಒನ್ಸ್ ಇದೆ. ಬ್ರಾಸೆರೊ ಇನ್ನೂ ಸರಳ. ಕೈಯಿಂದ ಕಮಾಂಡ್ ಬರೆಯುವ ಚಟ ಇರುವವರಿಗೆ ಸಿಡಿಆರ್‌ಡಿಎಒ ಇದೆ. ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಬಿದ್ದಿದ್ದರೆ ಲಿನಕ್ಸ್ ಹಾಕಿ ಸಿಡಿ ಕೆಲಸಕ್ಕೇ ಮೀಸಲಿಡಿ. ಅಂಥವುಗಳಲ್ಲಿ ಒಳ್ಳೆಯ ದೊಡ್ಡ ಡ್ರೈವ್ ಕೂಡ ಇರುತ್ತದೆ.

ಮ್ಯಾಕ್‌ನಲ್ಲಿ ಮ್ಯೂಸಿಕ್ ಆ್ಯಪ್ ಸಾಕು. ಪ್ಲೇಲಿಸ್ಟ್ ಮಾಡಿ ಡಿಸ್ಕ್‌ಗೆ ಬರ್ನ್ ಮಾಡಿ ಎಂದರೆ ಗ್ಯಾಪ್ ಎಷ್ಟು, ಹೆಸರು ಸೇರಿಸಬೇಕಾ ಎಂದು ಕೇಳುತ್ತದೆ.

ಕಾರಿನ ಪ್ಲೇಯರ್‌ನಲ್ಲಿ ಹಾಡಿನ ಹೆಸರು ಕನ್ನಡದಲ್ಲಿ ಬರುವಂತೆ ಮಾಡಬಹುದಾ?

ಆಗುವುದಿಲ್ಲ. ಹೆಸರು ತೋರಿಸುವ ವ್ಯವಸ್ಥೆಗೆ ಸಿಡಿ ಟೆಕ್ಸ್ಟ್ ಎನ್ನುತ್ತಾರೆ. 1996ರಲ್ಲಿ ಬಂತು. ಅದರಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಕ್ಕೆ ಜಾಗವಿದೆ, ಜಪಾನಿ ಅಕ್ಷರಕ್ಕೂ ಇದೆ, ಕನ್ನಡಕ್ಕಿಲ್ಲ. ಕನ್ನಡದಲ್ಲಿ ತುಂಬಿದರೆ ಪ್ರಶ್ನೆ ಚಿಹ್ನೆಗಳ ಸಾಲು ಕಾಣಬಹುದು. ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಕನ್ನಡದ ಹೆಸರುಗಳನ್ನು ಕವರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ವಯಸ್ಸಾದವರು ಓದುವುದು ಅದನ್ನೇ.

ವೇವ್ ಫೈಲ್‌ಗಳೆಲ್ಲ ಸೇರಿ 780 ಎಂಬಿ ಆಗಿವೆ. 700 ಎಂಬಿ ಸಿಡಿಯಲ್ಲಿ ಹಿಡಿಯುತ್ತಾ?

ಹಿಡಿಯುತ್ತದೆ. ಆಡಿಯೊ ಸಿಡಿಯಲ್ಲಿ ಎಂಬಿ ಲೆಕ್ಕ ಬಿಡಿ, ನಿಮಿಷ ನೋಡಿ. ಒಂದು ನಿಮಿಷಕ್ಕೆ ಸುಮಾರು 10 ಎಂಬಿ, ಅಂದರೆ ನಿಮ್ಮದು 77 ನಿಮಿಷ. ಡಿಸ್ಕ್ 80 ನಿಮಿಷದ್ದು.

700 ಎಂಬಿಯಲ್ಲಿ 780 ಹೇಗೆ ಕೂರುತ್ತದೆ ಎಂದರೆ, ಡೇಟಾ ಬರೆಯುವಾಗ ಒಂದು ಫ್ರೇಮ್‌ನಲ್ಲಿ 2,048 ಬೈಟ್ ಮಾತ್ರ ನಿಮ್ಮದು, ಉಳಿದ ಜಾಗ ತಪ್ಪು ತಿದ್ದಿಕೊಳ್ಳುವುದಕ್ಕೆ ಹೋಗುತ್ತದೆ. ಆಡಿಯೊದಲ್ಲಿ ಪೂರ್ತಿ 2,352 ಬೈಟ್ ದನಿಗೇ ಸಿಗುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಆಡಿಯೊ ಸಿಡಿ ಗೀಚಿಹೋದರೆ ಡೇಟಾ ಡಿಸ್ಕ್‌ನಷ್ಟು ತಿದ್ದಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಪ್ಲೇಯರ್ ಅಂದಾಜಿನಲ್ಲಿ ದನಿ ತುಂಬಿ ಮುಂದೆ ಹೋಗುತ್ತದೆ. ಆದ್ದರಿಂದ ಮೂಲ ವೇವ್ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ನಲ್ಲೂ ಇಟ್ಟುಕೊಳ್ಳಿ. ಸಿಡಿಯೊಂದನ್ನೇ ನಂಬಬೇಡಿ.

ನಮ್ಮದು ಇಡೀ ರಾತ್ರಿಯ ಬಯಲಾಟ. ಹೇಗೆ?

ಒಂದು ಸಿಡಿಗೆ 75 ನಿಮಿಷದಂತೆ ಭಾಗ ಮಾಡಿ. ಗಡಿಯಾರ ನೋಡಿ ಕತ್ತರಿಸಬೇಡಿ. ಪಾತ್ರ ರಂಗಕ್ಕೆ ಬರುವ ಕಡೆ, ಸನ್ನಿವೇಶ ಬದಲಾಗುವ ಕಡೆ ಮುರಿಯಿರಿ, ಒಂದು ಸಿಡಿ 60 ನಿಮಿಷಕ್ಕೆ ಮುಗಿದರೂ ಪರವಾಗಿಲ್ಲ. ಇದನ್ನು ಮೇಳದ ಹಿರಿಯರನ್ನು ಕೂರಿಸಿಕೊಂಡು ಮಾಡುವುದೇ ಸರಿ. ಎಲ್ಲಿ ಉಸಿರು ಎಳೆದುಕೊಳ್ಳಬಹುದು ಎಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಒಂದು ಸಿಡಿಯಲ್ಲಿ 99 ಟ್ರ್ಯಾಕ್‌ವರೆಗೆ ಹಾಕಬಹುದು, ಒಂದೊಂದೂ ಕನಿಷ್ಠ 4 ಸೆಕೆಂಡ್ ಇರಬೇಕು. ಪದ ಪದಕ್ಕೂ ಒಂದು ಗುರುತು ಹಾಕಿ. ಕಲಿಯುವ ಹುಡುಗರಿಗೆ ಅದೇ ಪದವನ್ನು ಮತ್ತೆ ಮತ್ತೆ ಕೇಳಲು ಬೇಕಾಗುತ್ತದೆ.

ಸೆಕೆಂಡ್ ಸೆಕೆಂಡ್ ತುಂಬಿಸಿ 80 ದಾಟಿಸುವ ‘ಓವರ್‌ಬರ್ನ್’ ಆಯ್ಕೆಯ ಸಹವಾಸ ಬೇಡ. ಅಂಚಿನಲ್ಲಿ ಬರೆದದ್ದನ್ನು ಹಳೆಯ ಪ್ಲೇಯರ್‌ಗಳು ಓದಲು ಒದ್ದಾಡುತ್ತವೆ.

ರೊಕ್ಕ ಕೊಟ್ಟು ಸಾಫ್ಟ್‌ವೇರ್ ಯಾವಾಗ ಕೊಳ್ಳಬೇಕು?

ಮನೆಯಲ್ಲಿ ಬರ್ನ್ ಮಾಡಿ ಹಂಚುವಷ್ಟು ದಿನ ಬೇಕಿಲ್ಲ. ಫ್ಯಾಕ್ಟರಿಯಲ್ಲಿ ನೂರಾರು ಕಾಪಿ ಒತ್ತಿಸುವುದಾದರೆ ಆಗ ಯೋಚಿಸಿ. ಅಂಥವರು ಸಾಮಾನ್ಯವಾಗಿ ‘ಡಿಡಿಪಿ’ ಎಂಬ ಫೋಲ್ಡರ್ ಕೇಳುತ್ತಾರೆ. ದನಿ, ಟ್ರ್ಯಾಕ್ ಗುರುತು, ಹೆಸರು, ಹಾಡಿನ ಕೋಡ್ ಎಲ್ಲ ಅದರಲ್ಲಿ ಇರುತ್ತದೆ. ಪುಕ್ಕಟೆ ಬರ್ನಿಂಗ್ ಸಾಫ್ಟ್‌ವೇರ್‌ಗಳಿಗೆ ಇದು ಸಾಮಾನ್ಯವಾಗಿ ಬರುವುದಿಲ್ಲ. ರೀಪರ್‌ಗೆ ಬರುತ್ತದೆ, ವೇವ್‌ಲ್ಯಾಬ್‌ಗೆ ಬರುತ್ತದೆ, ಹೋಫಾ ಕಂಪನಿಯದ್ದು ಇದಕ್ಕೆಂದೇ ಇದೆ. ಇವುಗಳಲ್ಲಿ ರೀಪರ್ ಮೊದಲು ನೋಡಿ. 60 ದಿನ ಪರೀಕ್ಷಿಸಲು ಕೊಡುತ್ತಾರೆ, ರೆಕಾರ್ಡಿಂಗ್, ಎಡಿಟಿಂಗ್, ಜೋಡಣೆ ಎಲ್ಲ ಒಂದರಲ್ಲೇ ಮುಗಿಯುತ್ತದೆ. ಕಲಿಯಲು ಮಾತ್ರ ತಾಳ್ಮೆ ಬೇಕು.

ನೀರೊ ಹೆಸರು ಎಲ್ಲರಿಗೂ ಗೊತ್ತು, ಈಗಲೂ ಮಾರುತ್ತಾರೆ. ಬರೀ ಆಡಿಯೊ ಸಿಡಿಗಾಗಿ ಅದಕ್ಕೆ ರೊಕ್ಕ ಹಾಕಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಡ್ರೈವೇ ಇಲ್ಲ!

ಯುಎಸ್‌ಬಿ ಡಿವಿಡಿ ರೈಟರ್ ಕೊಳ್ಳಿ. ಸಿಡಿಯನ್ನೂ ಬರೆಯುತ್ತದೆ. ನಡುನಡುವೆ ಕಟ್ ಆಗುತ್ತಿದ್ದರೆ ಬಹಳ ಸಲ ಕರೆಂಟ್ ಸಾಲದೆ ಹಾಗಾಗುತ್ತದೆ. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೇ ಚುಚ್ಚಿ. ಲ್ಯಾಪ್‌ಟಾಪ್ ಆದರೆ ಬರ್ನ್ ಮಾಡುವಾಗ ಮನೆಯ ಕರೆಂಟ್ ಹೋದರೂ ಬ್ಯಾಟರಿ ಕಾಯುತ್ತದೆ. ಡೆಸ್ಕ್‌ಟಾಪ್‌ನವರಿಗೆ ಯುಪಿಎಸ್ ಇರಲೇಬೇಕು, ಅರ್ಧಕ್ಕೆ ನಿಂತ ಡಿಸ್ಕ್ ಕಸದ ಬುಟ್ಟಿಗೇ.

ಎಷ್ಟು ಸ್ಪೀಡ್‌ನಲ್ಲಿ ಬರ್ನ್ ಮಾಡಬೇಕು?

16 ಎಕ್ಸ್, ಅಂದರೆ ಹಾಡು ಓಡುವ ವೇಗದ 16 ಪಟ್ಟು, ಇಟ್ಟು ನೋಡಿ. 80 ನಿಮಿಷದ ಸಿಡಿಗೆ ಐದು ನಿಮಿಷ ಹಿಡಿಯುತ್ತದೆ, ಮುಗಿಸುವ ಕೆಲಸಕ್ಕೆ ಇನ್ನೂ ಸ್ವಲ್ಪ. ನಿಧಾನವಾದಷ್ಟೂ ಒಳ್ಳೆಯದು ಎಂಬ ಮಾತು ಹಳೆಯ ಡಿಸ್ಕ್‌ಗಳ ಕಾಲದ್ದು. ಈಗಿನ 52 ಎಕ್ಸ್ ಡಿಸ್ಕ್‌ಗಳನ್ನು 4 ಎಕ್ಸ್‌ನಲ್ಲಿ ಬರೆದರೆ ಚೆನ್ನಾಗಿಯೇ ಬರುತ್ತದೆ ಎಂಬ ಖಾತ್ರಿ ಇಲ್ಲ.

ಯಾವ ಡಿಸ್ಕ್ ಕೊಳ್ಳಬೇಕು?

ಸಿಡಿ-ಆರ್ ಕೊಳ್ಳಿ, ಸಿಡಿ-ಆರ್‌ಡಬ್ಲ್ಯೂ ಬೇಡ. ಅಳಿಸಿ ಬರೆಯುವ ಡಿಸ್ಕ್‌ನಿಂದ ಬೆಳಕು ತೀರಾ ಕಡಿಮೆ ವಾಪಸ್ ಬರುತ್ತದೆ, ಹಳೆಯ ಪ್ಲೇಯರ್‌ಗೆ ಅದು ಕಾಣುವುದೇ ಇಲ್ಲ. ಮೋಸರ್ ಬೇರ್ ಡಿಸ್ಕ್ ಈಗಲೂ ಕೇಳುವವರಿದ್ದಾರೆ. ಆ ಕಂಪನಿಯನ್ನು ಮುಚ್ಚುವ ಆದೇಶ 2018ರಲ್ಲೇ ಆಯಿತು, ಅಂಗಡಿಯ ಮೂಲೆಯಲ್ಲಿ ಸಿಕ್ಕರೆ ಅದು ಹಳೆಯ ಸ್ಟಾಕ್. ಕೊಂಡರೂ ಒಂದೆರಡು ಬರ್ನ್ ಮಾಡಿ ನೋಡಿ.

ಬರೆದದ್ದು ಉಳಿಯುವುದು ಬಣ್ಣದ ಪದರದಲ್ಲಿ. ಬಿಸಿಲು ಅದರ ಶತ್ರು. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಸಿಡಿ ಮಾವಿನ ಹಪ್ಪಳದ ಹಾಗೆ ಒಣಗುತ್ತದೆ, ತಿನ್ನಲೂ ಬರುವುದಿಲ್ಲ. ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತಿರುಗುವಾಗ ತೂಕ ಏರುಪೇರಾಗುತ್ತದೆ. ಸಿಡಿ ಮಾರ್ಕರ್‌ನಿಂದ ಬರೆಯಿರಿ, ಬಾಲ್‌ಪೆನ್ ಬೇಡ.

ಎಲ್ಲ ಸರಿಯಾಗಿ ಮಾಡಿದೆ. ಆದರೂ ಗುಡಿಯ ಪ್ಲೇಯರ್ ‘ನೋ ಡಿಸ್ಕ್’ ಎನ್ನುತ್ತದೆ.

ಬರ್ನ್ ಮಾಡುವಾಗ ಫೈನಲೈಸ್ ಆಗಿದೆಯಾ ನೋಡಿ. ಡಿಸ್ಕನ್ನು ಮುಚ್ಚದೆ ಬಿಟ್ಟರೆ ಮನೆಯ ಪ್ಲೇಯರ್‌ಗೆ ಹಾಡಿನ ಪಟ್ಟಿ ಸಿಗುವುದಿಲ್ಲ. ಡಿಸ್ಕ್ ಅಟ್ ಒನ್ಸ್‌ನಲ್ಲಿ ಇದು ತಾನಾಗಿಯೇ ಆಗುತ್ತದೆ. ಅದು ಸರಿಯಿದ್ದರೆ ಬೇರೆ ಕಂಪನಿಯ ಡಿಸ್ಕ್, ಬೇರೆ ಸ್ಪೀಡ್ ಪ್ರಯತ್ನಿಸಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಸಿಡಿಯೂ ಅದರಲ್ಲಿ ತಡವರಿಸುತ್ತಿದ್ದರೆ ನಿಮ್ಮ ತಪ್ಪಲ್ಲ. ನಮ್ಮ ಕಡೆಯ ಧೂಳಿಗೆ ಲೆನ್ಸ್ ಮಂಕಾಗಿರುತ್ತದೆ. ಒರೆಸಲು ರಿಪೇರಿಯವರಿಗೆ ಕೊಡಿ.

ಹಾಡು ಹಳೆಯದು, ಬರೆದವರು ತೀರಿಹೋಗಿ ನೂರಾರು ವರ್ಷ ಆಯಿತು. ಸಿಡಿ ಮಾಡಿ ಮಾರಬಹುದಾ?

ಪದದ ಮೇಲೆ ಹಕ್ಕು ಉಳಿದಿಲ್ಲದಿರಬಹುದು, ಹಾಡಿದವರಿಗೆ ಹಕ್ಕಿದೆ. ರೆಕಾರ್ಡಿಂಗ್ ಮೇಲೂ ಬೇರೆಯೇ ಹಕ್ಕಿದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅದು ಹೊರಬಂದ ಮೇಲೆ 60 ವರ್ಷ ಇರುತ್ತದೆ. ಕ್ಯಾಸೆಟ್ ಕಂಪನಿಯ ಹಳೆಯ ಭಜನೆಯನ್ನು ಸಿಡಿಗೆ ಇಳಿಸಿ ಜಾತ್ರೆಯಲ್ಲಿ ಮಾರುವಂತಿಲ್ಲ. ನಿಮ್ಮದೇ ಮೇಳದ್ದಾದರೆ ಹಾಡಿದ, ನುಡಿಸಿದ ಎಲ್ಲರಿಂದ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ, ಕವರ್ ಮೇಲೆ ಎಲ್ಲರ ಹೆಸರು ಹಾಕಿ. ತಾಳದವರ ಹೆಸರು ಬಿಟ್ಟು ಜಗಳವಾದ ಊರುಗಳಿವೆ.

ಜಾತ್ರೆಗೆ ಐವತ್ತು ಕಾಪಿ ಬೇಕು. ಐವತ್ತು ಸಲ ಜೋಡಿಸಬೇಕಾ?

ಬೇಡ. ಮೊದಲ ಸಿಡಿ ಬರ್ನ್ ಮಾಡಿ, ಪೂರ್ತಿ ಕೇಳಿ. ಕಂಪ್ಯೂಟರ್‌ನಲ್ಲಿ ಅಲ್ಲ, ಅದು ಓಡಬೇಕಾದ ಪ್ಲೇಯರ್‌ನಲ್ಲೇ ಕೇಳಿ. ಟ್ರ್ಯಾಕ್ ಹಾರಿಸಿ ಹಾರಿಸಿ ನೋಡಿ, ಹೊಸ ಪದದ ಮೊದಲ ಅಕ್ಷರ ನುಂಗಿಹೋಗುತ್ತಿದ್ದರೆ ಗುರುತನ್ನು ಹತ್ತಿಪ್ಪತ್ತು ಫ್ರೇಮ್ ಹಿಂದಕ್ಕೆ ಸರಿಸಿ. ಸರಿ ಅನ್ನಿಸಿದ ಮೇಲೆ ಅದೇ ಕ್ಯೂ ಮತ್ತು ವೇವ್ ಫೈಲ್‌ನಿಂದ ಉಳಿದವನ್ನು ಬರೆಯಿರಿ, ಮೊದಲ ಸಿಡಿಯಿಂದ ಸಿಡಿಗೆ ನಕಲು ತೆಗೆಯಬೇಡಿ. ಇಮ್ಗ್‌ಬರ್ನ್‌ನಲ್ಲಿ ಕಾಪಿಗಳ ಸಂಖ್ಯೆ ಹಾಕುವ ಜಾಗವಿದೆ. ಒಂದು ಮುಗಿದ ಕೂಡಲೇ ಟ್ರೇ ಹೊರಗೆ ಬಂದು ಮುಂದಿನದನ್ನು ಕೇಳುತ್ತದೆ. ಹತ್ತು ಆದ ಮೇಲೆ ಡ್ರೈವ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಸ್ವಲ್ಪ ಹೊತ್ತು ಬಿಡಿ. ನಡುನಡುವೆ ಒಂದನ್ನು ತೆಗೆದು ಎಕ್ಸ್ಯಾಕ್ಟ್ ಆಡಿಯೊ ಕಾಪಿ ಎಂಬ ಸಿಡಿ ಓದುವ ಸಾಫ್ಟ್‌ವೇರ್‌ನಲ್ಲಿ ಓದಿಸಿದರೆ, ಓದುವಾಗ ಎಲ್ಲಿ ತಪ್ಪಾಯಿತು ಎಂದು ಟ್ರ್ಯಾಕ್ ಸಮೇತ ಹೇಳುತ್ತದೆ.